ಸಾವುಕಾರರ ಮಜ್ಜಿಗಿ

ಅದಕ್ಕೆ ಮಜ್ಜಿಗಿ ಅಂತ ಹೆಸರಿಟ್ಟವನು ನಾನೇ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಮೊದಲು ಹೇಳಿದರೂ ನಂಬುವುದಿಲ್ಲ, ಅದು ಬೇರೆ ಮಾತು. ನನ್ನ ಹೆಸರು ಏಕನಾಥ. ವಯಸ್ಸು ನಲವತ್ತೇಳು. ಔರಾದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದರೆ, ‘ಯಾವ ಏಕನಾಥ? ಸುಳ್ಳ ಹೇಳಾಂವಾ?’ ಅನ್ನುತ್ತಾರೆ. ಅಷ್ಟೂರಿನ ಗುಮ್ಮಟದ ನೆರಳಿನಲ್ಲಿ ಮಲಗಿದ್ದಾಗ ಒಳಗಿನ ಗೋರಿಯಿಂದ ಬಾದಶಹ ಎದ್ದುಬಂದು ನನ್ನ ಜೊತೆ ಚಹಾ ಕುಡಿದ, ಸಕ್ಕರೆ ಕಮ್ಮಿಯಾಯಿತು ಅಂತ ಬೈದು ಮತ್ತೆ ಹೋಗಿ ಮಲಗಿದ. ಇದು ನನ್ನ ಕಥೆ. ಔರಾದಿಗೆ ರೈಲಿಲ್ಲ. ಬಸ್ಸು ತಡವಾಗುತ್ತದೆ. ಹಾಗಾಗಿ ನನ್ನ ಸುಳ್ಳಿಗೆ ಬೇಡಿಕೆ ಇದೆ.

ಈ ಕಥೆಯಲ್ಲಿ ಬಾದಶಹ ಇಲ್ಲ. ಸಾವುಕಾರ ಇದ್ದಾರೆ.

ಬೀದರಿನಲ್ಲಿ, ಚಿದ್ರಿಗೆ ಹೋಗುವ ದಾರಿಯಲ್ಲಿ, ವೈಜಿನಾಥ ಸಾವುಕಾರರ ಗಾಜಿನ ಕಾರಖಾನೆ. ಕಾರಖಾನೆ ಅಂದರೆ ಒಂದು ತಗಡಿನ ಶೆಡ್ಡು, ಎರಡು ಉದ್ದನೆಯ ಮೇಜು, ಒಂದು ನೀರಿನ ತೊಟ್ಟಿ. ಕಿಟಕಿ ಒಂದಿತ್ತು. ಧೂಳು ಬರುತ್ತದೆ ಅಂತ ಅದನ್ನು ಮುಚ್ಚಿದ್ದರು. ಅಲ್ಲಿ ನಾನು ಮತ್ತು ನನ್ನ ಅಕ್ಕ ಕೇಶರಬಾಯಿ ಹನ್ನೊಂದು ವರ್ಷ ಕೆಲಸ ಮಾಡಿದೆವು. ಶ್ರೀಮಂತರ ಮನೆಯ ಗಾಜಿನ ಬಾಗಿಲುಗಳ ಮೇಲೆ ನವಿಲು, ಕಮಲ, ಬಳ್ಳಿ ಮೂಡಿಸುವ ಕೆಲಸ. ಗಾಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಬೇಕು. ನವಿಲು ಎಲ್ಲಿ ಬೇಕೋ ಅಲ್ಲಿ ಬ್ಲೇಡಿನಿಂದ ಕೊಯ್ದು ಹಾಳೆ ಕೀಳಬೇಕು. ಅದರ ಮೇಲೆ ಬೆಳ್ಳಗಿನ ದ್ರವ ಸುರಿಯಬೇಕು. ಕಾಲು ಗಂಟೆ ಬಿಟ್ಟು ತೊಳೆಯಬೇಕು. ಹಾಳೆ ಇದ್ದ ಕಡೆ ಗಾಜು ಗಾಜಾಗಿಯೇ ಉಳಿಯುತ್ತದೆ. ಹಾಳೆ ಇಲ್ಲದ ಕಡೆ ಗಾಜಿನ ಮೈಯನ್ನು ಆ ದ್ರವ ತಿಂದಿರುತ್ತದೆ. ತಿಂದುಬಿಟ್ಟ ಜಾಗಕ್ಕೇ ನವಿಲು ಅನ್ನುವುದು.

ಆ ದ್ರವ ಹೈದರಾಬಾದಿನಿಂದ ಬಿಳಿ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಬರುತ್ತಿತ್ತು. ಬಂದ ದಿನವೇ ಸಾವುಕಾರರು ಬಿಸಿನೀರು ತರಿಸಿ ಕ್ಯಾನಿನ ಮೇಲಿನ ಚೀಟಿ ಕೀಳಿಸುತ್ತಿದ್ದರು. ಚೀಟಿ ಕೀಳುವವನು ನಾನು. ಅದರ ಮೇಲೆ ಒಂದು ಚಿತ್ರ ಇತ್ತು. ಒಂದು ಕೈ, ಅದರ ಮೇಲೆ ನಳಿಗೆಯಿಂದ ಬೀಳುವ ಹನಿ.

‘ಅಕ್ಕಾ, ನೋಡಲ್ಲಿ. ಕೆಲಸಾ ಮುಗದ ಮ್ಯಾಲ ಕೈ ತೊಳಕೋರಿ ಅಂತ ಚಿತ್ರಾ ತೆಗದಾರ. ಕಂಪನಿಯವರು ಭಾಳ ಶಾಣ್ಯಾ ಇದ್ದಾರ’ ಅಂದೆ.

ಅಕ್ಕ ನಕ್ಕಳು. ಆ ಕೈಯಲ್ಲಿ ತೂತು ಇತ್ತು. ಅದು ನಮ್ಮಿಬ್ಬರಿಗೂ ಕಾಣಲಿಲ್ಲ.

ನಮ್ಮ ಜೊತೆ ಇನ್ನೂ ಕೆಲವರು ಇದ್ದರು, ಅವರಲ್ಲಿ ಗಾಜು ಕೊಯ್ಯುವ ಅಬ್ದುಲ ಸಮದ ಚಾಚಾ ಒಬ್ಬರು. ವಯಸ್ಸಾದ ಮನುಷ್ಯ. ಅವರು ಅದನ್ನು ಯಾವಾಗಲೂ ತೇಜಾಬು, ಅಂದರೆ ಆಸಿಡ್ಡು, ಅನ್ನುತ್ತಿದ್ದರು. ಬೇರೆ ತೇಜಾಬು ಬೇರೆ, ಇದು ಬೇರೆ ಅನ್ನುತ್ತಿದ್ದರು. ‘ಸಂಡಾಸ್ ತೊಳಿಯೋ ತೇಜಾಬು ಬಿದ್ದ್ರ ಮನಶಾ ಚೀರ್ತಾನ, ತೊಳಕೋತಾನ, ಬದಕ್ತಾನ. ಇದು ಬಿದ್ದ್ರ ಗೊತ್ತೇ ಆಗಂಗಿಲ್ಲ ಬೇಟಾ. ಇದು ಚರ್ಮಕ್ಕ ಸಲಾಂ ಹೊಡದು ಸೀದಾ ಹಡ್ಡಿಗಿ, ಎಲುಬಿಗಿ ಹೋಗ್ತದ.’ ಒಮ್ಮೆ ಯಾರೋ ಅದನ್ನು ಗಾಜಿನ ಬಾಟಲಿಗೆ ಹಾಕಿಟ್ಟಿದ್ದರಂತೆ. ಮರುದಿನ ಬಾಟಲಿಯೇ ಇರಲಿಲ್ಲವಂತೆ, ಮುಚ್ಚಳ ಮಾತ್ರ ಕುಂತಿತ್ತಂತೆ. ಇಷ್ಟು ದೊಡ್ಡ ಸುಳ್ಳು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಧಂದೆಗೆ ಇನ್ನೊಬ್ಬ ಬಂದ ಅಂದುಕೊಂಡೆ.

ಅದಕ್ಕೇ, ನಾವು ಕೆಲಸಕ್ಕೆ ಸೇರಿ ಐದು ವರ್ಷವಾಗಿದ್ದಾಗ, ಒಂದು ದಿನ ಚೇಷ್ಟೆಗೆ ಕ್ಯಾನು ತೋರಿಸಿ ಅಂದೆ: ‘ಏನ್ ಚಾಚಾ, ತೇಜಾಬು ತೇಜಾಬು ಅಂತೀರಿ? ಬೆಳ್ಳಗ, ತೆಳ್ಳಗ, ಹುಳಿ ವಾಸನಿ. ಮಜ್ಜಿಗಿ ಅದ ಇದು.’

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಸಾವುಕಾರರೂ ನಕ್ಕರು. ಅವರು ನನ್ನ ಮಾತಿಗೆ ನಕ್ಕದ್ದು ಅದೇ ಮೊದಲು. ನನಗೆ ಭಾಳ ಖುಷಿಯಾಯಿತು. ಮರುದಿನದಿಂದ ಅವರೇ ಕೂಗತೊಡಗಿದರು: ‘ಏಕನಾಥಾ, ಮಜ್ಜಿಗಿ ಹಾಕು. ಕೇಶರಬಾಯಿ, ಮಜ್ಜಿಗಿ ತೊಳಿ.’ ಯಾರಾದರೂ ತಪಾಸಣೆಗೆ ಬಂದು ಏನು ಬಳಸುತ್ತೀರಿ ಅಂತ ಕೇಳಿದರೆ ನಾವೂ ಅದನ್ನೇ ಹೇಳಬೇಕು. ಸಮದ ಚಾಚಾ ಮಾತ್ರ ಹೇಳಲಿಲ್ಲ. ‘ತೇಜಾಬಿಗಿ ತೇಜಾಬೇ ಅನ್ಬೇಕು’ ಅಂದರು. ಮುಂದಿನ ತಿಂಗಳು, ಚಾಚಾನ ಕಣ್ಣು ಮಂಜಾಗಿದೆ, ಗಾಜು ಸರಿ ಕೊಯ್ಯುವುದಿಲ್ಲ ಅಂತ ಅವರನ್ನು ಮನೆಗೆ ಕಳಿಸಿದರು.

ಆಮೇಲೆ ತೇಜಾಬು ಅನ್ನುವ ಶಬ್ದ ಆ ಶೆಡ್ಡಿನಲ್ಲಿ ಹುಟ್ಟಲಿಲ್ಲ.

ನಮ್ಮ ಜಾತಿ ಹೇಳಲಿಲ್ಲ ಅಲ್ಲವೆ? ನಾವು ಬೌದ್ಧರು. ನಮ್ಮ ಅಜ್ಜನ ಕಾಲದಲ್ಲಿ ಊರಹೊರಗೆ ಇದ್ದೆವು. ಈಗ ಊರೊಳಗೆ ಬಂದಿದ್ದೇವೆ, ಕಾಗದದ ಕಪ್ಪಿನಲ್ಲಿ. ಶೆಡ್ಡಿನಲ್ಲಿ ಚಹಾ ಬಂದರೆ ಉಳಿದವರಿಗೆ ಸ್ಟೀಲಿನ ಲೋಟ, ನನಗೂ ಅಕ್ಕನಿಗೂ ಕಾಗದದ ಕಪ್ಪು. ‘ಆರೋಗ್ಯಕ್ಕ ಛಲೋ ಏಕನಾಥಾ. ಕುಡಿ, ಒಗಿ. ತೊಳಿಯೋ ತ್ರಾಸ ಇಲ್ಲ’ ಅನ್ನುತ್ತಿದ್ದರು ಸಾವುಕಾರರು. ಅವರು ಶರಣರ ವಿಚಾರ ಬಲ್ಲವರು. ಕಾಯಕದ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲರು. ನಾವು ಕಾಯಕ ಮಾಡುತ್ತ ಕೇಳುತ್ತಿದ್ದೆವು.

ಕೈಗವಸಿನ ಮಾತು ಹೇಳಿದರೆ ಇದು ಏಕನಾಥನ ಸುಳ್ಳು ಅಂತೀರಿ. ಇರಲಿ. ನಮ್ಮಿಬ್ಬರಿಗೂ ಸೇರಿ ಒಂದು ಜೊತೆ ಕೈಗವಸು. ಪಾತ್ರೆ ತೊಳೆಯುವ ಕೇಸರಿ ಬಣ್ಣದ ರಬ್ಬರಿನದು. ಬಲಗೈದು ಅಕ್ಕನಿಗೆ, ಎಡಗೈದು ನನಗೆ. ನಾನು ಎಡಚ. ಸಾವುಕಾರರು ಇದನ್ನು ದೇವರ ಯೋಜನೆ ಅಂತ ತಿಳಿದಿದ್ದರು.

ಆ ದಿನ ನಾವು ಮಾಡುತ್ತಿದ್ದುದು ಸಾವುಕಾರರ ಸ್ವಂತ ಬಾಗಿಲು. ಭಾಲ್ಕಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ದೇವರ ಕೋಣೆಗೆ ಗಾಜಿನ ಬಾಗಿಲು, ಅದರ ಮೇಲೆ ಎರಡು ಹಂಸ. ನಾಲ್ಕು ದಿನಕ್ಕೆ ವಾಸ್ತು ಶಾಂತಿ. ಗಡಿಬಿಡಿ. ಮುಂಜಾನೆ ಹನ್ನೊಂದಕ್ಕೆ ಅಕ್ಕ ಬಲಗೈಯಿಂದ ಉಜ್ಜುತ್ತ, ಗಾಜು ಜಾರದಂತೆ ಕೈಗವಸಿಲ್ಲದ ಎಡಗೈಯನ್ನು ಊರಿದಳು. ಹಂಸದ ಕೊರಳಿನ ಹತ್ತಿರ ದ್ರವ ಹರಿದು ಬಂತು. ಎರಡು ಬೆರಳು ತೊಯ್ದವು.

‘ಅಕ್ಕಾ, ಕೈ.’

‘ಹೂಂ, ತೊಳಕೋತೇನಿ ಬಿಡು. ನೋವೇನೂ ಇಲ್ಲ.’

ಹಂಸದ ಕೆಲಸ ಮುಗಿಸಿ ತೊಟ್ಟಿಯಲ್ಲಿ ಕೈ ಅದ್ದಿದಳು. ಸೆರಗಿಗೆ ಒರೆಸಿಕೊಂಡಳು. ಬೆರಳು ಸ್ವಲ್ಪ ಬೆಳ್ಳಗಾಗಿತ್ತು. ನೋವು ನಿಜವಾಗಿಯೂ ಇರಲಿಲ್ಲ.

ನೋವು ಬಂದದ್ದು ಸಂಜೆ ಐದಕ್ಕೆ. ಚಿದ್ರಿಯಲ್ಲಿ ನಮ್ಮ ಬಾಡಿಗೆ ಕೋಣೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಒಮ್ಮೆಲೇ ನಿಂತಿತು. ನೋಡಿದರೆ ಎಡಗೈಯನ್ನು ಬಲಗೈಯಲ್ಲಿ ಹಿಡಿದು ಕುಂತಿದ್ದಾಳೆ. ಬಾಯಿ ತೆರೆದಿದೆ. ಸದ್ದಿಲ್ಲ. ನನ್ನ ಅಕ್ಕ ಮೂರು ಹೆತ್ತವಳು, ಎರಡನ್ನು ಮಣ್ಣಿಗೆ ಕೊಟ್ಟವಳು. ಅವಳು ಹಾಗೆ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ.

‘ಏಕ್ಯಾ, ಒಳಗ ಯಾರೋ ಎಲುಬಾ ಕಡೀಲಾಕತ್ತಾರೋ.’

ಸಾವುಕಾರರಿಗೆ ಫೋನು ಮಾಡಿದೆ. ಅವರೇ ಕಾರು ತಂದರು. ಒಳ್ಳೆಯ ಮನುಷ್ಯ ಅಂದುಕೊಂಡೆ. ಹಿಂದಿನ ಸೀಟಿಗೆ ಪೇಪರು ಹಾಸಿದ್ದರು. ನನ್ನನ್ನು ಮುಂದೆ ಕೂರಿಸಿದರು. ಮುಂದಿನ ಸಣ್ಣ ಖಾನೆಯ ಬಾಯಿ ತೆರೆದಿತ್ತು. ಒಳಗೆ ಒಂದು ಬಿಳಿ ಟ್ಯೂಬು, ಇಂಗ್ಲಿಷ್ ಅಕ್ಷರ. ಸಾವುಕಾರರು ಕೈ ಚಾಚಿ ಖಾನೆ ಮುಚ್ಚಿದರು. ಕಾರಿನಲ್ಲಿಯೇ ಹಲ್ಲು ಉಜ್ಜುತ್ತಾರೆ, ಅಷ್ಟು ಕೆಲಸ ಪಾಪ ಅಂತ ನನಗೆ ಅನಿಸಿತು.

ಒಂದು ಸಣ್ಣ ಖಾಸಗಿ ದವಾಖಾನೆ. ವಯಸ್ಸು ಕಡಿಮೆ ಇರುವ ಡಾಕ್ಟರು.

‘ಏನ್ ಬಿದ್ದದವ್ವ ಕೈ ಮ್ಯಾಲ?’

ಅಕ್ಕ ಹೇಳಿದಳು: ‘ಮಜ್ಜಿಗಿ ಬಿದ್ದದ್ರಿ.’

ಅವಳು ಸುಳ್ಳು ಹೇಳಲಿಲ್ಲ. ಆರು ವರ್ಷದಿಂದ ಅವಳಿಗೆ ಅದರ ಹೆಸರು ಅದೇ. ನೋವಿನಲ್ಲಿ ಮನುಷ್ಯನಿಗೆ ಯಾವ ಹೆಸರು ರೂಢಿಯೋ ಅದೇ ಬಾಯಿಗೆ ಬರುತ್ತದೆ.

ಡಾಕ್ಟರು ನಕ್ಕರು. ‘ಮಜ್ಜಿಗಿ ಬಿದ್ದು ಯಾರರ ಸುಟ್ಟಕೋತಾರೇನು?’

‘ಕುದಿಯೋ ಮಜ್ಜಿಗಿ ಸಾರು ರೀ ಡಾಕ್ಟ್ರೇ’ ಅಂದರು ಸಾವುಕಾರರು. ‘ಮನ್ಯಾಗ ಅಡಗಿ ಮಾಡೂ ಮುಂದ ಬಿದ್ದದ. ನಮ್ಮ ಕಡೆ ಕೆಲಸಕ್ಕ ಬರ್ತಾಳ, ಅದಕ್ಕ ಕರಕೊಂಡು ಬಂದೇನಿ.’

ಡಾಕ್ಟರು ನನ್ನ ಕಡೆ ನೋಡಿದರು. ಸಾವುಕಾರರೂ ನೋಡಿದರು.

ಜೀವಮಾನವೆಲ್ಲ ಬಾಯಿ ಬಿಟ್ಟು ಸುಳ್ಳು ಹೇಳಿದವನು ನಾನು. ಅವತ್ತು ಬಾಯಿ ಮುಚ್ಚಿಕೊಂಡು ಹೇಳಿದೆ.

‘ಬಿಸಿ ಸಾರು ಬಿದ್ದ ಗಾಯ’ ಅಂತ ಚೀಟಿಯಲ್ಲಿ ಬರೆದರು. ಬಿಳಿ ಮಲಾಮು ಕೊಟ್ಟರು. ನೋವಿನ ಗುಳಿಗೆ ಕೊಟ್ಟರು.

ಎರಡನೇ ದಿನ ಬೆರಳು ಬೂದಿ ಬಣ್ಣಕ್ಕೆ ತಿರುಗಿತು. ಮೂರನೇ ದಿನ ಉಗುರಿನ ಕೆಳಗೆ ಕಪ್ಪಾಯಿತು. ನಾನು ಕೆಲಸಕ್ಕೆ ಹೋಗುತ್ತಿದ್ದೆ. ಬಾಗಿಲು ಮುಗಿಸಬೇಕಿತ್ತು.

ಅಕ್ಕನ ಉಳಿದ ಒಬ್ಬಳೇ ಮಗಳು ಮಹಾಮಾಯಾ. ಔರಾದಿನಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುತ್ತಾಳೆ. ಅವಳಿಗೆ ಮೂರನೇ ದಿನ ಗೊತ್ತಾಯಿತು. ಅಕ್ಕ ಹೇಳಿರಲಿಲ್ಲ, ಮಗಳ ಸಾಲಿ ಹಾಳಾಗಬಾರದು ಅಂತ. ಅವಳು ಮೊದಲ ಬಸ್ಸಿಗೆ ಬಂದಳು. ಬೆರಳು ನೋಡಿದಳು.  ನನಗೆ ಫೋನು ಮಾಡಿದಳು.

ನಾನು ಆಗ ಭಾಲ್ಕಿಯಲ್ಲಿದ್ದೆ. ಎರಡೂ ಕೈಯಲ್ಲಿ ಹಂಸದ ಬಾಗಿಲು ಇತ್ತು. ಫೋನು ಎತ್ತಲಾಗಲಿಲ್ಲ. ಮುಂಬಾಗಿಲಿನಿಂದ ಗಾಜು ಮನೆಯವರ ಕೈಯಲ್ಲಿ ಒಳಗೆ ಹೋಯಿತು. ಅದನ್ನು ಹೊತ್ತು ತಂದ ನನಗೆ ಸಾವುಕಾರರ ಮನೆಯ ಯಾರೋ, ‘ನೀ ಹಿಂದಿನಿಂದ ಬಾ, ಮುಂದ ರಂಗೋಲಿ ಹಾಕ್ಯಾರ’ ಅಂದರು. ನಾನು ಹಿಂದಿನಿಂದ ಹೋದೆ. ಬಾಗಿಲು ಕೂರಿಸಿದೆ. ಬಿಸಿಲು ಬಿದ್ದು ಹಂಸಗಳು ಬೆಳ್ಳಗೆ ಹೊಳೆದವು. ದೇವರ ಕೋಣೆಯ ಹೊಸ್ತಿಲು ದಾಟಬಾರದು ಅಂದಿದ್ದರು. ಒಂದು ಕಾಲು ಹೊರಗಿಟ್ಟೇ ಕೂರಿಸಿದೆ. ಊಟ ಕೊಟ್ಟರು. ಹಿಂದಿನ ಅಂಗಳದಲ್ಲಿ, ಕಾಗದದ ತಟ್ಟೆಯಲ್ಲಿ. ಕೊನೆಗೆ ಕಾಗದದ ಕಪ್ಪಿನಲ್ಲಿ ಮಜ್ಜಿಗಿ.

ಕುಡಿದೆ. ಉಪ್ಪು, ಜೀರಿಗೆ ಸರಿ ಇತ್ತು.

ಆ ಹೊತ್ತಿಗೆ ಬೀದರಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಮಹಾಮಾಯಾಳಿಗೆ ಹೇಳುತ್ತಿದ್ದರಂತೆ: ಮೊದಲ ದಿನ ಹೆಸರು ಹೇಳಿದ್ದರೆ ಉಳಿಯುತ್ತಿತ್ತು. ಇದಕ್ಕೆ ಬೇರೆಯೇ ಔಷಧ ಇದೆ. ಈಗ ಎರಡು ಬೆರಳು ತೆಗೆಯಲೇಬೇಕು.

ತೆಗೆದರು.

ಮಹಾಮಾಯಾ ಮರುದಿನ ಶೆಡ್ಡಿನ ಹಿಂದೆ ಕಸದಲ್ಲಿ ಕೈ ಹಾಕಿ ಹುಡುಕಿದಳು. ನಾನು ಕಿತ್ತೆಸೆದ ಚೀಟಿಗಳಲ್ಲಿ ಒಂದು ಅರ್ಧ ಚೀಟಿ ಸಿಕ್ಕಿತು. ಅದನ್ನು ನನ್ನ ಮುಂದೆ ಹಿಡಿದಳು.

‘ಮಾಮಾ, ಇದು ಏನು?’

‘ಕೈ ತೊಳಕೊಳ್ಳೋ ಚಿತ್ರಾ.’

‘ಸರಿಯಾಗಿ ನೋಡು.’

ನೋಡಿದೆ. ಹನಿ ಬಿದ್ದ ಜಾಗದಲ್ಲಿ ಕೈ ಇರಲಿಲ್ಲ.

‘ಹೈಡ್ರೋಫ್ಲೋರಿಕ್ ಆಮ್ಲ ಅಂತಾರ ಇದಕ್ಕ’ ಅಂದಳು. ಸಾಲಿಯಲ್ಲಿ ಹೇಳುವಂತೆಯೇ ಹೇಳಿದಳು, ಧ್ವನಿ ಏರಿಸಲಿಲ್ಲ. ಅದೇ ಅವಳ ಸಿಟ್ಟು. ಅದು ನೀರಿನಂತೆ ಇರುತ್ತದಂತೆ, ಗಾಜಿನ ಕೆಲಸಕ್ಕೆ ಬಿಳಿ ಪುಡಿ ಬೆರೆಸಿದ್ದರಿಂದ ಬೆಳ್ಳಗಂತೆ. ಪುಸ್ತಕದಲ್ಲಿ ಇದನ್ನು ದುರ್ಬಲ ಆಮ್ಲ ಅಂತ ಬರೆದಿರುತ್ತಾರಂತೆ. ದುರ್ಬಲ ಆದ್ದರಿಂದಲೇ ಚರ್ಮದಲ್ಲಿ ಜಗಳ ಮಾಡದೆ ಒಳಗೆ ಇಳಿಯುತ್ತದೆ. ಎಲುಬಿನ ಸುಣ್ಣವನ್ನು ಹುಡುಕಿಕೊಂಡು ಹೋಗುತ್ತದೆ. ಅದಕ್ಕೆ ಹೊರಗಿನಿಂದ ಸುಣ್ಣದ ಅಂಶ ಇರುವ ಜೆಲ್ಲಿ ಹಚ್ಚಿದರೆ ಅದು ಅಲ್ಲಿಯೇ ತೃಪ್ತಿಯಾಗಿ ನಿಲ್ಲುತ್ತದೆ. ಪ್ಲಾಸ್ಟಿಕ್ಕನ್ನು ತಿನ್ನುವುದಿಲ್ಲ, ಗಾಜನ್ನು ತಿನ್ನುತ್ತದೆ. ಉಕ್ಕಿನ ಕಿಲುಬು ತೆಗೆಯಲು ಅದು ಬೇಕು. ಫ್ರಿಜ್ಜಿನ ಗ್ಯಾಸು ಮಾಡಲು ಬೇಕು. ಪೆಟ್ರೋಲು ಶುದ್ಧ ಮಾಡುವಲ್ಲಿ ಬೇಕು. ಮೊಬೈಲಿನೊಳಗಿನ ಚಿಪ್ ಮಾಡಲು ಬೇಕು.

ಅಂದರೆ ಊರವರ ತಣ್ಣನೆ ನೀರಿಗೂ, ನನ್ನ ಕಿಸೆಯ ಫೋನಿಗೂ, ಅಕ್ಕನ ಬೆರಳಿಗೂ ಒಂದೇ ನೆಂಟಸ್ತಿಕೆ. ಸಮದ ಚಾಚಾನ ಬಾಟಲಿ ಕಥೆಯಲ್ಲಿ ಅರ್ಧ ಸತ್ಯ ಇತ್ತು. ನನ್ನ ಮಜ್ಜಿಗಿಯಲ್ಲಿ ಅಷ್ಟೂ ಇರಲಿಲ್ಲ.

‘ಮಜ್ಜಿಗಿ ಅಂತ ಹೆಸರಾ ಯಾರು ಇಟ್ಟರು ಮಾಮಾ?’

ಹೇಳಿದೆ. ಅವಳು ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡಳು. 

ಸಾವುಕಾರರು ಒಂದು ಕಾಗದ ತಂದರು. ಅಕ್ಕ ಕೋಣೆಯ ಮುಂದೆ ಬಿಸಿಲಿಗೆ ಕುಂತಿದ್ದಳು. ಕೈಗೆ ಪಟ್ಟಿ. ಮನೆಯಲ್ಲಿ ಸಾರು ಬಿದ್ದು ಸುಟ್ಟಿತು, ಕಾರಖಾನೆಗೆ ಸಂಬಂಧವಿಲ್ಲ ಅಂತ ಕಾಗದದಲ್ಲಿ ಬರೆದಿತ್ತು.

‘ಒಂದ ಸಹಿ ಮಾಡು ಕೇಶರಬಾಯಿ. ನಿನಗ ಕೆಲಸಾ ಕೊಡ್ತೇನಿ. ಇನ್ನ ಗಾಜು ಮುಟ್ಟೂದು ಬ್ಯಾಡ. ಕಸಾ ಹೊಡಿ, ಕುಂತಿರು. ಬಲಗೈ ಅದಲ್ಲ.’

‘ಸಹಿ ಮಾಡ್ತೇನ್ರಿ. ಅದರ ಹೆಸರು ಬರೀರಿ ಮೊದಲ.’

‘ಯಾವುದರದು?’

‘ನನ್ನ ಬೆರಳಾ ತಿಂದದ್ದರದು.’

‘ಮಜ್ಜಿಗಿ ಸಾರು ಅಂತ ಬರದದಲ್ಲ.’

‘ನಾವು ಬೆರಳು ಕಳಕೊಂಡೀವ್ರಿ ಸಾವುಕಾರ್ರ, ನಾಲಿಗಿ ರುಚಿ ಕಳಕೊಂಡಿಲ್ಲ. ಅದು ಸಾರು ಅಲ್ಲ.’

‘ಹೆಸರು ತೊಗೊಂಡು ಏನ್ ಮಾಡ್ತಿ? ಬೆರಳು ಬರ್ತಾವೇನು?’

‘ಬರಂಗಿಲ್ರಿ. ನನ್ನ ಜಾಗಾದಾಗ ಬರಾಕಿಗಿ ದವಾಖಾನ್ಯಾಗ ಏನ್ ಹೇಳಬೇಕು ಅಂತ ಗೊತ್ತಾಗ್ತದ.’

ಕಾಗದ ಹಿಂದಕ್ಕೆ ಕೊಟ್ಟಳು. ಎಡಗೈಯಿಂದ ಕೊಟ್ಟಳು, ಮೂರು ಬೆರಳಿನಿಂದ. ಸಾವುಕಾರರು ಅದನ್ನು ತೆಗೆದುಕೊಳ್ಳುವಾಗ ಅವಳ ಕೈ ತಾಗದಂತೆ ತುದಿ ಹಿಡಿದರು.

ನಮಗೆ ಕೆಲಸ ಹೋಯಿತು. ಔರಾದಿಗೆ ಹಿಂತಿರುಗಿದೆವು. ಮಹಾಮಾಯಾ ಕಾರ್ಮಿಕ ಇಲಾಖೆಗೆ ಅರ್ಜಿ ಬರೆದಳು. ಆ ಅರ್ಜಿಯ ಹಿಂದೆ ನಾವು ಔರಾದಿನಿಂದ ಬೀದರಿಗೆ ಎಷ್ಟು ಸಲ ಹೋದೆವು ಅಂತ ಕೇಳಬೇಡಿ. ಬಸ್ಸಿನ ಕಂಡಕ್ಟರು ಅಕ್ಕನಿಗೆ ಕಿಟಕಿ ಸೀಟು ಹಿಡಿದಿಡುವಷ್ಟು ಸಲ. ಒಮ್ಮೆ ಸಾವುಕಾರರು ಬರಲಿಲ್ಲ. ಒಮ್ಮೆ ಅವರ ವಕೀಲರು ಬರಲಿಲ್ಲ. ಒಮ್ಮೆ ಎಲ್ಲರೂ ಬಂದರು, ಕರೆಂಟು ಬರಲಿಲ್ಲ. ಅಕ್ಕ ಪ್ರತಿ ಸಲ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಒಂದು ಕೈಯಲ್ಲಿ ಬಡಿದ ರೊಟ್ಟಿ. ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ.

ಐದನೇ ವಿಚಾರಣೆಗೆ ಎಲ್ಲರೂ ಸೇರಿದರು. ಅಧಿಕಾರಿ ಒಬ್ಬ ಹೆಣ್ಣುಮಗಳು. ದಣಿದ ಮುಖ, ಮೇಜಿನ ತುಂಬ ಕಡತ. ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ.

ಸಾವುಕಾರರು ಎದ್ದು ಕೈ ಮುಗಿದರು. ‘ಮೇಡಂ, ನಮ್ಮ ಕಡೆ ತೇಜಾಬು ಇಲ್ಲೇ ಇಲ್ರಿ. ಒಂದ ಬಿಳಿ ಪುಡಿ, ನೀರಾಗ ಕಲಸ್ತೇವಿ, ಸುಣ್ಣದ ನೀರಿನಂಗ. ಈ ಮಂದೀನೇ ಅದಕ್ಕ ಮಜ್ಜಿಗಿ ಅಂತ ಹೆಸರಿಟ್ಟಾರ. ನೀವೇ ಹೇಳ್ರಿ, ಬೆರಳಾ ತಿನ್ನೋ ವಸ್ತುಕ್ಕ ಯಾರರ ಮಜ್ಜಿಗಿ ಅಂತಾರೇನು?’

ಒಳ್ಳೆಯ ಪ್ರಶ್ನೆ. 

ಸಾಕ್ಷಿ ಅಂತ ನನ್ನನ್ನು ಎಬ್ಬಿಸಿದರು. ನಾನು ಎಲ್ಲ ಹೇಳಿದೆ. ಚೀಟಿ, ಚಿತ್ರ, ಕೈಗವಸು, ಕಾರು, ದವಾಖಾನೆ. ಜೀವನದಲ್ಲಿ ಮೊದಲ ಸಲ ಒಂದು ಅಕ್ಷರ ಸೇರಿಸದೆ ಹೇಳಿದೆ. ಕೈಗವಸಿನ ಹತ್ತಿರ ಬಂದಾಗ ಗುಮಾಸ್ತ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ.

‘ಮೇಡಂ, ಇಂವಾ ಅಷ್ಟೂರ ಗುಮ್ಮಟದಾಗ ಬಾದಶಾನ ಜೋಡಿ ಚಾ ಕುಡದೇನಿ ಅಂತ ಹೇಳಾಂವ ರೀ’ ಅಂದರು ಸಾವುಕಾರರು. ‘ಅರ್ಧಾ ಔರಾದ ಕೇಳ್ಯದ. ಬೇಕಾದ್ರ ಕೇಳ್ರಿ.’

ಕೋಣೆ ನಕ್ಕಿತು. ಅಧಿಕಾರಿಯ ತುಟಿಯೂ ಸ್ವಲ್ಪ ಅಲುಗಿತು.

‘ಹೌದೇನ್ರಿ?’ ಅಂತ ನನ್ನನ್ನು ಕೇಳಿದರು.

‘ಹೌದ್ರಿ’ ಅಂದೆ. ‘ಸಕ್ಕರಿ ಕಮ್ಮಿ ಆಗಿತ್ತ್ರಿ.’

ನನಗೂ ಗೊತ್ತು, ಅಲ್ಲಿ ಹಾಗೆ ಹೇಳಬಾರದಿತ್ತು. ಆದರೆ ಖರೆ ಹೇಳಿ ಹೇಳಿ ಬಾಯಿ ಒಣಗಿತ್ತು. ಕೋಣೆ ಇನ್ನೊಮ್ಮೆ ನಕ್ಕಿತು. ಮಹಾಮಾಯಾ ತಲೆ ತಗ್ಗಿಸಿದಳು. ಆ ಅರ್ಧ ಚೀಟಿ ಮೇಜಿನ ಮೇಲಿತ್ತು. ಕಸದಲ್ಲಿ ಸಿಕ್ಕ ಚೀಟಿ ಯಾರದು ಅಂತ ಹೇಗೆ ಹೇಳುವುದು ಅಂತ ವಕೀಲರು ಕೇಳಿ ಆಗಿತ್ತು.

ಆಗ ಅಕ್ಕ ಎದ್ದಳು.

ಚೀಲದಿಂದ ಕೇಸರಿ ಬಣ್ಣದ ಕೈಗವಸು ತೆಗೆದಳು. ಒಂದೇ, ಬಲಗೈದು. ಹಲ್ಲಿನಿಂದ ಎಳೆದು ಹಾಕಿಕೊಂಡಳು. ಆಮೇಲೆ ಶೆಡ್ಡಿಗೆ ಬರುತ್ತಿದ್ದಂಥದೇ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನು ತೆಗೆದಳು. ನೀಲಿ ಮುಚ್ಚಳ. ಆಮೇಲೆ ಒಂದು ಕಾಗದದ ಕಪ್ಪು. ಮುಖ ಒಂದು ಕಡೆ ತಿರುಗಿಸಿ, ಉಸಿರು ಬಿಗಿಹಿಡಿದು, ನಿಧಾನಕ್ಕೆ ಸುರಿದಳು. ಬೆಳ್ಳಗೆ, ತೆಳ್ಳಗೆ. ಹನ್ನೊಂದು ವರ್ಷ ಹೇಗೆ ಸುರಿಯುತ್ತಿದ್ದಳೋ ಹಾಗೆಯೇ. ಕಪ್ಪನ್ನು ಸಾವುಕಾರರ ಮುಂದೆ ಇಟ್ಟಳು.

‘ಮಜ್ಜಿಗಿ ರೀ ಸಾವುಕಾರ್ರ. ಕುಡೀರಿ.’

ಸಾವುಕಾರರು ಕುರ್ಚಿ ಹಿಂದಕ್ಕೆ ಎಳೆದರು. ‘ಏ, ಏನಿದು? ಎಲ್ಲಿಂದ ತಂದಿ ಇದು?’

‘ಸುಣ್ಣದ ನೀರಿನಂಗ ಅದ ಅಂದ್ರೆಲ್ಲ. ಬಿಸಲಾಗ ಬಂದೀರಿ. ಕುಡೀರಿ.’

ಅಧಿಕಾರಿ ಏನಿದೆ ನೋಡೋಣ ಅಂತ ಕಪ್ಪಿಗೆ ಕೈ ಚಾಚಿದರು.

‘ಮುಟ್ಟಬ್ಯಾಡ್ರಿ ಮೇಡಂ!’ ಸಾವುಕಾರರು ಕಪ್ಪನ್ನು ತಳ್ಳಿದರು. ಅದು ವಾಲಿತು. ಅರ್ಧ ಮೇಜಿನ ಮೇಲೆ, ಸ್ವಲ್ಪ ಅವರ ಬೆರಳುಗಳ ಮೇಲೆ ಚೆಲ್ಲಿತು.

ಮನುಷ್ಯ ಕುಣಿಯುವುದನ್ನು ನಾನು ಮದುವೆಗಳಲ್ಲಿ ನೋಡಿದ್ದೇನೆ. ಇದು ಬೇರೆ. ಅವರು ಅಂಗಿಗೆ ಕೈ ಒರೆಸಿದರು. ಅಂಗಿ ಬಿಚ್ಚಲು ಹೋದರು. ಬಾಗಿಲಿಗೆ ಓಡಿದರು.

‘ನೀರು! ನೀರು ಎಲ್ಲಿ ಅದ? ಎಲುಬಿಗಿ ಇಳೀತದ್ರಿ ಅದು! ಈಗ ಗೊತ್ತಾಗಂಗಿಲ್ಲ! ಏ, ಯಾರಲೇ, ಗಾಡ್ಯಾಗ ಟ್ಯೂಬ್ ಅದ! ಮುಂದಿನ ಖಾನ್ಯಾಗ! ಬಿಳಿ ಟ್ಯೂಬ್ ತರ್ರಿ! ಲಗೂ!’

ಅವರ ಡ್ರೈವರ ಓಡಿದ. ಟ್ಯೂಬು ತಂದ. ಸಾವುಕಾರರು ಮುಚ್ಚಳವನ್ನು ಬಾಯಿಯಿಂದ ಕಿತ್ತು, ಐದೂ ಬೆರಳಿಗೆ ಬೆಣ್ಣೆಯಂತೆ ಬಳಿದುಕೊಂಡರು. ಹೇಗೆ ಹಚ್ಚಬೇಕು ಅಂತ ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

ಕೋಣೆಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ.

ಅಕ್ಕ ಕೈಗವಸು ತೆಗೆದಳು. ಕಪ್ಪಿನಲ್ಲಿ ಉಳಿದದ್ದನ್ನು ಎತ್ತಿ ಗಟಗಟ ಕುಡಿದಳು. ಮೇಲ್ದುಟಿಯ ಮೇಲೆ ಬಿಳಿ ಗೆರೆ ಉಳಿಯಿತು.

‘ನಮ್ಮನಿ ಮಜ್ಜಿಗಿ ರೀ ಮೇಡಂ’ ಅಂದಳು. ‘ಕ್ಯಾನು ಅಂಗಡ್ಯಾಗಿನ ಹೊಸಾದು. ಮುಂಜಾನಿ ನಾನೇ ಕಡದೇನಿ. ಒಂದ ಕೈಲೆ ಕಡದದ್ದು, ಗಂಟು ಇರಬಹುದು.’

ನಾನು ಬಸ್ಸಿನಲ್ಲಿ ಅವಳ ಪಕ್ಕವೇ ಕುಂತು ಬಂದಿದ್ದೆ. ನನಗೂ ಹೇಳಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ. ಸುಳ್ಳು ಅಂದರೆ ಹಾಗಿರಬೇಕು. ನಾನು ನನ್ನ ಮೂವತ್ತು ವರ್ಷದ ಸೇವೆಯನ್ನು ಅಲ್ಲಿಯೇ ಅವಳ ಕಾಲಿಗೆ ಹಾಕಿದೆ.

ಮಹಾಮಾಯಾ ಎದ್ದುಹೋಗಿ ಟ್ಯೂಬು ಎತ್ತಿಕೊಂಡಳು. ಓದಿದಳು. ಅಧಿಕಾರಿಯ ಮುಂದೆ ಇಟ್ಟಳು. ‘ಇದು ಆ ಆಮ್ಲ ಬಿದ್ದ್ರ ಹಚ್ಚೋ ಜೆಲ್ಲಿ ರೀ ಮೇಡಂ. ಇದೇ ಕಾರಿನಾಗ ನಮ್ಮವ್ವನ್ನ ದವಾಖಾನಿಗಿ ಒಯ್ದಿದ್ದರು.’

ಕಾರಿನ ಖಾನೆ ನನಗೆ ನೆನಪಾಯಿತು. ನನ್ನ ಮೊಣಕಾಲಿನಿಂದ ಒಂದು ಗೇಣು ದೂರ. ಹಲ್ಲು ಉಜ್ಜುವುದು ಅಂದುಕೊಂಡಿದ್ದೆ.

ಸಾವುಕಾರರಿಗೆ ಉಸಿರು ಬಂತು. ಉಸಿರು ಬಂದ ಕೂಡಲೇ ಬುದ್ಧಿಯೂ ಬಂತು. ‘ಮೇಡಂ, ನಾ ಹೆದರಿದ್ದು ತೇಜಾಬು ಅಂತ ಅಲ್ರಿ. ನಾವು ನೇಮದವರು. ಇಂಥವರ ಮನೀದು ನಾವು—’

ವಕೀಲರು ಅವರ ಮೊಣಕೈಯನ್ನು ಎಷ್ಟು ಜೋರಾಗಿ ಚಿವುಟಿದರು ಅಂದರೆ ಸಾವುಕಾರರು ‘ಆಂ’ ಅಂದರು.

ಅಧಿಕಾರಿ ಪೆನ್ನು ಕೆಳಗಿಟ್ಟರು. ‘ಹೇಳ್ರಿ. ಎರಡರಾಗ ಯಾವುದು ಬರಸಲಿ? ತೇಜಾಬು ಅಂತ ಹೆದರಿದ್ರೋ, ಇವರ ಮನೀದು ಅಂತ ಹೆದರಿದ್ರೋ? ಎರಡಕ್ಕೂ ಬ್ಯಾರೆ ಬ್ಯಾರೆ ಕಾಯ್ದೆ ಅದಾವ.’

ಸಾವುಕಾರರು ವಕೀಲರ ಮುಖ ನೋಡಿದರು. ವಕೀಲರು ಫ್ಯಾನು ನೋಡಿದರು.

‘ತೇಜಾಬ್ರಿ.’

‘ಕೇಳಸಲಿಲ್ಲ.’

‘ತೇಜಾಬು.’

‘ಪೂರಾ ಹೆಸರು ಹೇಳ್ರಿ.’

ಅವರು ಹೇಳಿದರು. ತಡವರಿಸದೆ ಹೇಳಿದರು. ಆರು ವರ್ಷ ನನ್ನ ಶಬ್ದ ಬಳಸಿದ ಬಾಯಿಗೆ ಆ ಹೆಸರು ಅಷ್ಟು ಸರಳವಾಗಿ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗುಮಾಸ್ತನಿಗೇ ಬರೆಯಲು ಬರಲಿಲ್ಲ. ‘ಹೈಡ್ರ... ಏನ್ರಿ?’ ಅಂದ. ಮಹಾಮಾಯಾ ಅವನ ಹಿಂದೆ ಹೋಗಿ ನಿಂತು, ಸಾಲಿಯ ಮಕ್ಕಳಿಗೆ ಹೇಳಿದಂತೆ ಒಂದೊಂದೇ ಅಕ್ಷರ ಹೇಳಿದಳು. ಅವನು ಬರೆದ. ಅಕ್ಕ ಮುಂದೆ ಬಂದು, ಆ ಹೆಸರಿನ ಮೇಲೆ ಎಡಗೈ ಇಟ್ಟು, ಉಳಿದ ಬೆರಳಿನಿಂದ ಅಕ್ಷರ ಕೂಡಿಸಿ ಓದಿದಳು. ಎರಡು ಸಲ ಓದಿದಳು.

ಹಿಂತಿರುಗುವ ಬಸ್ಸಿನಲ್ಲಿ ಕೂತ ಕೂಡಲೇ ಮಲಗಿಬಿಟ್ಟಳು. ಕ್ಯಾನಿನಲ್ಲಿ ಸ್ವಲ್ಪ ಉಳಿದಿತ್ತು. ನಾನು ಕುಡಿದೆ. ಉಪ್ಪು ಹಾಕುವುದನ್ನು ಮರೆತಿದ್ದಳು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ. ಬಸ್ ಸ್ಟ್ಯಾಂಡಿನಲ್ಲಿ ನಾನು ಇಲ್ಲಿಗೇ ನಿಲ್ಲಿಸುತ್ತೇನೆ. ಆದರೂ ಜನ ನಂಬುವುದಿಲ್ಲ. ‘ಬಾದಶಾಂದು ಹೇಳೋ ಏಕನಾಥಾ, ಅದು ಖರೇ ಇದ್ದಂಗ ಅನಸ್ತದ’ ಅನ್ನುತ್ತಾರೆ.

ಅಕ್ಕನಿಗೆ ಪರಿಹಾರ ಕೊಡಬೇಕು ಅಂತ ಆದೇಶ ಬಂತು. ಸಾವುಕಾರರು ಅದರ ಮೇಲೆ ಅಪೀಲು ಹೋದರು. ನಾವು ಇನ್ನೂ ಬೀದರಿಗೆ ಹೋಗುತ್ತೇವೆ, ಬರುತ್ತೇವೆ. ಭಾಲ್ಕಿಯ ಹಂಸಗಳು ದೇವರ ಮುಂದೆ ಹಾಗೆಯೇ ಇವೆ. ಅವನ್ನು ಅಳಿಸಲು ಯಾವ ದ್ರವವೂ ಇಲ್ಲ. ಶೆಡ್ಡಿನಲ್ಲಿ ಈಗ ನಾಲ್ಕು ಹೊಸ ಹೆಣ್ಣುಮಕ್ಕಳು ಕೆಲಸಕ್ಕೆ ಬಂದಿದ್ದಾರೆ. ಒಬ್ಬೊಬ್ಬರಿಗೆ ಎರಡೆರಡು ಕೈಗವಸು ಕೊಟ್ಟಿದ್ದಾರಂತೆ. ಅಷ್ಟು ಆಯಿತು. ಆದರೆ ಈಗ ಅದಕ್ಕೆ ಹಾಲು ಅನ್ನುತ್ತಾರಂತೆ.

 ಇದು ಗೊತ್ತಾದ ಮರುದಿನ ಮುಂಜಾನೆ ಅಕ್ಕ ಮೊದಲ ಬಸ್ಸು ಹತ್ತಿದಳು. ನಾನೂ ಹತ್ತಿದೆ. ಶೆಡ್ಡಿನ ಎದುರು, ರಸ್ತೆಯ ಈಚೆ ಬದಿಗೆ ನಿಂತಳು. ಅದು ಸರಕಾರದ ರಸ್ತೆ. ಕೆಲಸಕ್ಕೆ ಬರುತ್ತಿದ್ದವಳು ಒಬ್ಬಳನ್ನು ನಿಲ್ಲಿಸಿದಳು. ಈಶ್ವರಿ ಅಂತ ಹೆಸರು. ಹೊಸ ಮದುಮಗಳು, ಕೈಯ ಹಸಿರು ಬಳೆ ಇನ್ನೂ ಸವೆದಿರಲಿಲ್ಲ.

‘ಒಳಗ ಸುರಿತಾರಲ್ಲ ಬೆಳ್ಳಂದು, ಅದು ಏನವ್ವ?’

‘ಹಾಲು ರೀ ಯವ್ವಾ.’

ಅಕ್ಕ ಸೆರಗಿನಿಂದ ಎಡಗೈ ಹೊರಗೆ ತೆಗೆದು ಅವಳ ಮುಖದ ಮುಂದೆ ಹಿಡಿದಳು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

‘ಹೈಡ್ರೋಫ್ಲೋರಿಕ್ ಆಮ್ಲ. ಅನ್ನು.’

‘ಹೈ... ನಂಗ ಬರಂಗಿಲ್ರಿ. ನಾಲಿಗಿ ಹೊರಳಂಗಿಲ್ಲ.’

‘ನಂಗೂ ಹೊರಳಿದ್ದಿಲ್ಲ’ ಅಂದಳು ಅಕ್ಕ. ಕೈ ಕೆಳಗಿಳಿಸಲಿಲ್ಲ. ‘ಹೊರಳೂ ತನಕ ಅನ್ನು. ಆಮ್ಯಾಲ ಒಳಗ ಹೋಗು.’